ಕೆಸರಿನ ಕಟ್ಟೆಗೆ ನೀರುಗಂಟಿ ಯಾರು?

2022ರ ಸೆಪ್ಟೆಂಬರ್ ಆರಂಭದಲ್ಲಿ ಹಿರಿಯೂರಿನ ಮಾರಿಕಣಿವೆಗೆ ಜನ ಜಾತ್ರೆಗೆ ಹೋದಂತೆ ಹೋದರು. ಅಲ್ಲಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಹರಿದಿತ್ತು. ಮತ್ತೆ ಹರಿದದ್ದು 89 ವರ್ಷಗಳ ಮೇಲೆ. ಅಷ್ಟು ವರ್ಷ ಆ ಕೋಡಿ ಬಿಸಿಲಿಗೆ ಒಣಗುತ್ತ ಬಿದ್ದಿತ್ತು. ಅದರ ಮೇಲೆ ನೀರು ಹರಿಯುವುದನ್ನು ಕಾಣದೆಯೇ ಎರಡು ತಲೆಮಾರು ಕಳೆದುಹೋದವು. ಆದರೂ ಇದು ದಂಡದ ಕೆಲಸ, ಮುಚ್ಚಿಬಿಡೋಣ ಎಂದು ಯಾರೂ ಹೇಳಲಿಲ್ಲ. ಬರದ ಸೀಮೆಯಲ್ಲಿ ಕಟ್ಟೆ ಕಟ್ಟುವಾಗಲೂ, ಎಂದೋ ಒಂದು ದಿನ ಬರುವ ಮಳೆಗೆ ದಾರಿ ಬಿಡಬೇಕೆಂದು ಕಟ್ಟಿದವರಿಗೆ ಗೊತ್ತಿತ್ತು. ಆ ದಿನ ಬಂತು, ನೀರು ತನ್ನ ದಾರಿ ಹಿಡಿದು ವೇದಾವತಿಗೆ ಇಳಿಯಿತು, ಕೆಳಗಿನ ಊರುಗಳು ಬಾಗಿನ ಕೊಟ್ಟು ಮನೆಗೆ ಮರಳಿದವು.

ಏರಿ, ತೂಬು, ಕೋಡಿ, ನೀರುಗಂಟಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಯವರಿಗೆ ಈ ನಾಲ್ಕು ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವುಗಳಲ್ಲಿ ಮೊದಲ ಮೂರು ಮಣ್ಣು ಕಲ್ಲಿನವು, ನಾಲ್ಕನೆಯದು ಮನುಷ್ಯ. ಊರಿನ ಆಯಗಾರರಲ್ಲಿ ಒಬ್ಬನಾದ ನೀರುಗಂಟಿ ಸುಗ್ಗಿಯಲ್ಲಿ ಗದ್ದೆಯವರಿಂದ ಆಯ ಪಡೆಯುತ್ತಿದ್ದ. ಪ್ರತಿಯಾಗಿ ಏರಿಯ ಮೇಲೆ ನಡೆದು ಹೆಗ್ಗಣದ ಬಿಲ ಎಲ್ಲಿದೆ, ಏರಿಯ ಬುಡದಲ್ಲಿ ಹೊಸದಾಗಿ ಒಸರು ಕಂಡಿದೆಯೇ, ಕಂಡ ನೀರು ತಿಳಿಯಾಗಿದೆಯೋ ಮಣ್ಣು ಬೆರೆತಿದೆಯೋ ಎಂದು ನೋಡುತ್ತಿದ್ದ. ತಿಳಿ ನೀರು ಒಸರಿದರೆ ಕಾಯಬಹುದು. ಕದಡಿದ ನೀರು ಬಂದರೆ ಏರಿಯೊಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ಅರ್ಥ, ಆಗ ಊರನ್ನು ಎಬ್ಬಿಸಬೇಕು. ಇಂದು ಅಣೆಕಟ್ಟಿನ ಎಂಜಿನಿಯರುಗಳು ಉಪಕರಣ ಇಟ್ಟು ಅಳೆಯುವುದೂ ಬಹುಮಟ್ಟಿಗೆ ಇದನ್ನೇ. ನೀರುಗಂಟಿ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಏರಿ ಒಡೆದರೆ ಮೊದಲು ಮುಳುಗುವ ಮನೆಗಳಲ್ಲಿ ಅವನದೂ ಒಂದು.

ಗಣಿಗಾರಿಕೆಯೂ ಕಟ್ಟೆ ಕಟ್ಟುತ್ತದೆ. ಅಲ್ಲಿ ನಿಲ್ಲುವುದು ನೀರಲ್ಲ, ಕೆಸರು. ಅದಿರನ್ನು ಹಿಟ್ಟಿನಂತೆ ನುರಿದು ನೀರಿನಲ್ಲಿ ತೊಳೆದು, ಬೇಕಾದ ಲೋಹದ ಅಂಶ ತೆಗೆದ ಮೇಲೆ ಉಳಿಯುವ ನುಣ್ಣನೆಯ ಕೆಸರನ್ನು ಗಣಿಯವರು ಟೇಲಿಂಗ್ಸ್ ಎನ್ನುತ್ತಾರೆ. ಒಂದು ಟನ್ ಚಿನ್ನದ ಅದಿರಿನಿಂದ ಸಿಗುವುದು ಕೆಲವೇ ಗ್ರಾಂ ಚಿನ್ನ, ಉಳಿದದ್ದೆಲ್ಲ ಕೆಸರು. ತಾಮ್ರದಲ್ಲೂ ಹೆಚ್ಚು ಕಡಿಮೆ ಅದೇ ಕತೆ. ಕಬ್ಬಿಣದಲ್ಲಿ ಒಳ್ಳೆಯ ಅದಿರಾದರೆ ತೊಳೆಯದೆ ಸಾಗಿಸಬಹುದು, ಕೀಳು ದರ್ಜೆಯದಾದರೆ ತೊಳೆಯಲೇಬೇಕು. ಈ ಕೆಸರನ್ನು ಕಣಿವೆಗೆ ಅಡ್ಡಗಟ್ಟಿ ಅದರ ಹಿಂದೆ ತುಂಬುತ್ತಾರೆ.

ನೀರಿನ ಅಣೆಕಟ್ಟಿಗೂ ಇದಕ್ಕೂ ಹೋಲಿಕೆ ಕಣ್ಣಿಗೆ ಮಾತ್ರ. ನೀರಿನ ಅಣೆಕಟ್ಟನ್ನು ಒಮ್ಮೆಗೆ ಪೂರ್ತಿ ಕಟ್ಟಿ ಆಮೇಲೆ ತುಂಬಿಸುತ್ತಾರೆ. ಕೆಸರಿನ ಕಟ್ಟೆಯನ್ನು ಗಣಿ ನಡೆದಂತೆಲ್ಲ ವರ್ಷ ವರ್ಷ ಎತ್ತರಿಸುತ್ತ ಹೋಗುವುದುಂಟು. ಎಷ್ಟೋ ಕಡೆ ಒಣಗಿದ ಕೆಸರಿನ ಮೇಲೆಯೇ ಮುಂದಿನ ಹಂತದ ಏರಿ ಕೂರುತ್ತದೆ. ನೀರಿನ ಅಣೆಕಟ್ಟು ಅಪಾಯದಲ್ಲಿದ್ದರೆ ಗೇಟು ತೆಗೆದು ಖಾಲಿ ಮಾಡಬಹುದು, ಕೆಸರನ್ನು ಹಾಗೆ ಬಿಡಲಾಗದು. ಇನ್ನೂ ದೊಡ್ಡ ವ್ಯತ್ಯಾಸ ದುಡ್ಡಿನದು. ನೀರಿನ ಕಟ್ಟೆ ಇರುವಷ್ಟು ಕಾಲವೂ ಗದ್ದೆಗೆ ನೀರು ಕೊಡುತ್ತದೆ, ಆದ್ದರಿಂದ ಅದನ್ನು ಕಾಯುವವರು ಇರುತ್ತಾರೆ. ಗಣಿ ಮುಚ್ಚಿದ ಮರುದಿನದಿಂದ ಕೆಸರಿನ ಕಟ್ಟೆಯಿಂದ ಯಾರಿಗೂ ಬಿಡಿಗಾಸಿನ ಲಾಭವಿಲ್ಲ. ಆದರೂ ಅದು ನಿಲ್ಲಬೇಕು, ನಿಂತೇ ಇರಬೇಕು.

ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ಇಲ್ಲಿ ನೇರವಾಗಿ ಹೇಳಬೇಕು. ಚಿತ್ರದುರ್ಗದ ಶಿಲಾಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಬಂಡೆಗಳ ಉದ್ದನೆಯ ಸಾಲು ಈ ಸೀಮೆಯ ನಡುವೆ ಹಾದು ಹೋಗಿದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣದ ಕಲ್ಲು, ತಾಮ್ರ, ಅಲ್ಪಸ್ವಲ್ಪ ಚಿನ್ನ, ಎಲ್ಲವೂ ಆ ಸಾಲಿನಲ್ಲಿವೆ. ದುರ್ಗದ ಪಕ್ಕದ ಇಂಗಳದಾಳಿನಲ್ಲಿ ಚಿತ್ರದುರ್ಗ ತಾಮ್ರ ಕಂಪನಿ ತಾಮ್ರ ತೆಗೆಯಿತು, ಆಮೇಲೆ ಅದು ಹಟ್ಟಿ ಚಿನ್ನದ ಗಣಿಯ ಘಟಕವಾಯಿತು. ಭೀಮಸಮುದ್ರದ ಸುತ್ತಿನ ಗುಡ್ಡಗಳಲ್ಲಿ ಕಬ್ಬಿಣದ ಗಣಿಗಾರಿಕೆ ನಡೆಯುತ್ತಿದೆ. ಅಲ್ಲಿ ಮುಖ್ಯವಾಗಿ ನಡೆಯುವುದು ಅದಿರನ್ನು ಒಡೆದು ಜರಡಿ ಹಿಡಿಯುವ ಕೆಲಸ. ಬ್ರೆಜಿಲಿನಲ್ಲಿರುವಂಥ ಬೃಹತ್ ಕೆಸರಿನ ಕಟ್ಟೆ ನಮ್ಮ ತಲೆಯ ಮೇಲಿದೆ ಎಂದು ಜನರನ್ನು ಹೆದರಿಸಿದರೆ ಅದು ಸುಳ್ಳು. ನಮ್ಮಲ್ಲಿರುವುದು ಅದಿರಿಗಾಗಿ ಅಗೆದು ಪಕ್ಕಕ್ಕೆ ಸುರಿದ ಮಣ್ಣಿನ ಗುಡ್ಡೆಗಳು, ಅವುಗಳ ಬುಡದ ತಡೆಗೋಡೆಗಳು, ಸುತ್ತ ತೋಡಿದ ಚರಂಡಿಗಳು, ಕೆಂಪು ನೀರು ನಿಂತು ತಿಳಿಯಾಗಲೆಂದು ಮಾಡಿದ ಹೊಂಡಗಳು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಚೆಕ್ ಡ್ಯಾಮುಗಳು. ಒಂದೊಂದೂ ಸಣ್ಣದು. ಆದರೆ ಇವೆಲ್ಲದರ ಕೆಳಗೆ ಒಂದು ಕೆರೆ ಇದೆ, ಕೆರೆಯ ಕೆಳಗೆ ಅಡಿಕೆ ತೋಟವಿದೆ, ತೋಟದ ಕೆಳಗೆ ಊರಿದೆ.

ಇಂಗಳದಾಳಿನಂಥ ಕಡೆ ಮತ್ತೊಂದು ಸಂಗತಿಯನ್ನು ನೆನಪಿಡಬೇಕು. ತಾಮ್ರದ ಅದಿರು ಗಂಧಕದ ಜೊತೆ ಬೆರೆತಿರುತ್ತದೆ. ನೆಲದಾಳದಲ್ಲಿ ಗಾಳಿ ತಾಗದೆ ಕುಳಿತಿದ್ದಾಗ ಅದರಿಂದ ತೊಂದರೆಯಿಲ್ಲ. ನುರಿದು ಮೇಲೆ ಹಾಕಿದ ಕೆಸರಿಗೆ ಗಾಳಿ ಮತ್ತು ಮಳೆನೀರು ತಾಗಿದಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ಲೋಹಗಳನ್ನು ಕರಗಿಸಿ ನೀರಿಗೆ ಬೆರೆಸುತ್ತದೆ. ಕಟ್ಟೆ ಒಡೆಯದೆಯೂ ಹೀಗೆ ಸೋರುತ್ತ ಹಾನಿ ಮಾಡಬಹುದು. ಕಬ್ಬಿಣದ ಕೆಸರಿನಲ್ಲಿ ಈ ವಿಷದ ಭಯ ಕಡಿಮೆ, ಅದರ ಕಾಟ ಬೇರೆ. ಕೆರೆಗೆ ಹೂಳಾಗಿ ತುಂಬುತ್ತದೆ, ಹೊಲದ ಮೇಲೆ ಹೆಪ್ಪುಗಟ್ಟಿ ನೀರು ಇಂಗದಂತೆ ಮಾಡುತ್ತದೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಾತ್ರ ಬರುವ ನೆಲದಲ್ಲಿ ಕೆರೆಯ ಒಂದಡಿ ಆಳ ಹೋದರೂ ಅದು ಬೇಸಿಗೆಯ ಒಂದು ತಿಂಗಳ ನೀರು ಹೋದಂತೆ.

ಗುಡ್ಡೆಯೇ ತಾನೆ, ಕಟ್ಟೆಯಲ್ಲವಲ್ಲ ಎನ್ನುವವರು ವೇಲ್ಸ್ ದೇಶದ ಅಬರ್‌ಫಾನ್ ಹಳ್ಳಿಯ ಕತೆ ಕೇಳಬೇಕು. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಹಲವು ದಿನ ಸುರಿದ ಮಳೆಯ ನಂತರ, ಹಳ್ಳಿಯ ಮೇಲಿನ ಬೆಟ್ಟದಲ್ಲಿ ಪೇರಿಸಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡೆ ಕುಸಿದು ಶಾಲೆಯ ಮೇಲೆ ಬಂತು. ಸತ್ತವರು 144 ಮಂದಿ, ಅವರಲ್ಲಿ 116 ಮಕ್ಕಳು. ಆ ಗುಡ್ಡೆಯನ್ನು ಬೆಟ್ಟದ ಒರತೆಯ ಮೇಲೆಯೇ ಸುರಿಯಲಾಗಿತ್ತು, ಆ ಒರತೆ ನಕಾಶೆಯಲ್ಲೂ ಇತ್ತು. ಅದಕ್ಕೂ ಮೂರು ವರ್ಷ ಮೊದಲು, 1963ರಲ್ಲಿ, ಸ್ಥಳೀಯ ಪುರಸಭೆಯ ಎಂಜಿನಿಯರ್ ಶಾಲೆಯ ಹಿಂದಿನ ಈ ಅಪಾಯದ ಬಗ್ಗೆ ಕಾಗದ ಬರೆದಿದ್ದರು. ವಿಚಾರಣಾ ಮಂಡಲಿ ಹೊಣೆಯನ್ನು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ಕಾಗದ ಇತ್ತು, ನಕಾಶೆ ಇತ್ತು, ನೋಡುವ ಕಣ್ಣೂ ಇತ್ತು. ನೋಡಿದವರಿಗೆ ಕೆಲಸ ನಿಲ್ಲಿಸುವ ಅಧಿಕಾರ ಇರಲಿಲ್ಲ.

ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಒಡೆದದ್ದು 86 ಮೀಟರ್ ಎತ್ತರದ ಕೆಸರಿನ ಕಟ್ಟೆ, ಕಬ್ಬಿಣದ ಗಣಿಯದು. ಮಧ್ಯಾಹ್ನದ ಊಟದ ಹೊತ್ತು. ಗಣಿಯ ಊಟದ ಮನೆ, ಕಚೇರಿಗಳು ಕಟ್ಟೆಯ ಕೆಳಗೇ ಇದ್ದವು. 270 ಜನ ಸತ್ತರು. ಭೂಕಂಪವಿರಲಿಲ್ಲ, ಸ್ಫೋಟವಿರಲಿಲ್ಲ. ಕೆಸರು ಒಳಗೇ ನೀರು ಹಿಡಿದುಕೊಂಡು ಗಟ್ಟಿ ನೆಲದಂತೆ ನಿಂತಿತ್ತು, ಒಂದು ಗಳಿಗೆಯಲ್ಲಿ ಬಲ ಕಳೆದುಕೊಂಡು ಹೊಳೆಯಂತೆ ಹರಿಯಿತು. ಆ ಕಟ್ಟೆಗೆ ಕೆಸರು ಸುರಿಯುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಕಟ್ಟೆ ಭದ್ರವಾಗಿದೆ ಎಂದು ಕಂಪನಿಯೇ ನೇಮಿಸಿದ ಪರಿಣಿತ ಸಂಸ್ಥೆಯೊಂದು ಕೆಲವೇ ತಿಂಗಳ ಹಿಂದೆ ಪ್ರಮಾಣಪತ್ರ ಕೊಟ್ಟಿತ್ತು. ಅದೇ ರಾಜ್ಯದ ಮರಿಯಾನದಲ್ಲಿ 2015ರ ನವೆಂಬರಿನಲ್ಲಿ ಇಂಥದೇ ಕಟ್ಟೆ ಒಡೆದು 19 ಜನ ಸತ್ತಿದ್ದರು, ಕೆಸರು ನದಿ ಹಿಡಿದು ಅಟ್ಲಾಂಟಿಕ್ ಸಾಗರದವರೆಗೆ ಹೋಗಿತ್ತು. ಆ ಪಾಠ ಕಣ್ಣೆದುರಿಗೇ ಇದ್ದರೂ ಮೂರೇ ವರ್ಷಕ್ಕೆ ಎರಡನೆಯದು ಆಯಿತು.

ದೂರದ ದೇಶಗಳ ಮಾತೇಕೆ? ಮಧ್ಯಪ್ರದೇಶದ ಸಾಸನ್‌ನಲ್ಲಿ 2020ರ ಏಪ್ರಿಲಿನಲ್ಲಿ ವಿದ್ಯುತ್ ಸ್ಥಾವರದ ಹಾರುಬೂದಿಯ ಕಟ್ಟೆ ಒಡೆದು ಆರು ಜನ ಕೊಚ್ಚಿ ಹೋದರು. 2024ರ ಜುಲೈನಲ್ಲಿ ಛತ್ತೀಸಗಡದ ಕಿರಂದುಲ್ ಪಟ್ಟಣದಲ್ಲಿ ಭಾರಿ ಮಳೆಗೆ ಕಬ್ಬಿಣದ ಗಣಿಯ ಚೆಕ್ ಡ್ಯಾಮು ಒಡೆದು ಕೆಂಪು ಕೆಸರು ಮನೆಗಳಿಗೆ ನುಗ್ಗಿತು. ಕಿರಂದುಲ್‌ನದು ನಮ್ಮ ಗುಡ್ಡಗಳಲ್ಲಿ ಇರುವಂಥದೇ ಕಟ್ಟೆ.

ಒಡೆದ ಕಟ್ಟೆಗಳ ಕತೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಕೆರೆಯ ಹಿರಿಯರಿಗೆ ಹೊಸದೆನಿಸುವ ಕಾರಣಗಳು ಕಡಿಮೆ. ಕೋಡಿ ಸಾಲದೆ ಏರಿಯ ಮೇಲೆ ನೀರು ಹರಿಯುವುದು, ಏರಿಯೊಳಗೆ ಸೋರಿಕೆ ದಾರಿ ಮಾಡಿಕೊಳ್ಳುವುದು, ತಳದ ನೆಲ ಜಾರುವುದು, ಇವು ಮೂರೂ ಕೆರೆಯ ಏರಿಗೂ ಇರುವ ಕಾಯಿಲೆಗಳು. ನಾಲ್ಕನೆಯದು, ಗಟ್ಟಿಯಾಗಿ ನಿಂತ ಕೆಸರು ಇದ್ದಕ್ಕಿದ್ದಂತೆ ಹರಿಯತೊಡಗುವುದು, ಮಾತ್ರ ಗಣಿಯದೇ ವಿಶೇಷ. ಅದರಲ್ಲೂ ಅಪರಾಧಿ ನೀರೇ. ಕೆಸರಿನೊಳಗೆ ನೀರಿನ ಮಟ್ಟ ಎಷ್ಟಿದೆ ಎಂದು ತಿಳಿಯಲು ಏರಿಯಲ್ಲಿ ಕೊಳವೆ ಇಳಿಸಿ ಅಳೆಯುತ್ತಾರೆ, ಬುಡದಲ್ಲಿ ಒಸರಿದ ನೀರನ್ನು ಒಂದು ಕಡೆ ಹರಿಸಿ ಎಷ್ಟೆಂದು ನೋಡುತ್ತಾರೆ, ಏರಿ ಜರುಗಿದೆಯೇ ಎಂದು ಗುರುತು ಕಲ್ಲುಗಳಿಂದಲೋ ಉಪಗ್ರಹದ ಚಿತ್ರಗಳಿಂದಲೋ ಪರೀಕ್ಷಿಸುತ್ತಾರೆ. ಈ ಅಳತೆಗಳು ಕಷ್ಟದವಲ್ಲ, ದುಬಾರಿಯೂ ಅಲ್ಲ. ಅಳೆದದ್ದು ಯಾರ ಕೈಗೆ ಹೋಗುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಕರ್ನಾಟಕದ ದೊಡ್ಡ ಕೆಸರಿನ ಕಟ್ಟೆ ಕುದುರೆಮುಖದಲ್ಲಿದೆ. ಭದ್ರಾ ನದಿಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಟ್ಟಿದ ಮಣ್ಣಿನ ಅಣೆಕಟ್ಟು ಅದು, ಎತ್ತರ ಸುಮಾರು 100 ಮೀಟರ್. ಎರಡು ದಶಕಕ್ಕೂ ಹೆಚ್ಚು ಕಾಲ ತೊಳೆದ ಅದಿರಿನ ಕೆಸರು ಅದರ ಹಿಂದೆ ಸೇರಿದೆ. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಭದ್ರೆಯ ಹೂಳನ್ನು ಅಳೆದ ವಿಜ್ಞಾನಿಗಳು, ಜಲಾನಯನದ ಚಿಕ್ಕ ಪಾಲಾಗಿದ್ದ ಗಣಿ ಪ್ರದೇಶವೇ ಹೂಳಿನ ದೊಡ್ಡ ಪಾಲಿಗೆ ಕಾರಣವೆಂದು ತೋರಿಸಿದ್ದರು. ಗಣಿ ನಿಂತ ಮೇಲೆ ಊರು ಖಾಲಿಯಾಯಿತು, ಕಾಡು ಮರಳುತ್ತಿದೆ. ಲಕ್ಯಾ ಕಟ್ಟೆ ಮಾತ್ರ ಇದ್ದಲ್ಲೇ ಇದೆ, ಪಶ್ಚಿಮಘಟ್ಟದ ಮಳೆ ಪ್ರತಿವರ್ಷ ಅದರ ಮೇಲೆ ಸುರಿಯುತ್ತಲೇ ಇದೆ.

ಮಲೆನಾಡಿನ ಆ ಕಟ್ಟೆಗೂ ನಮಗೂ ಏನು ಸಂಬಂಧ? ಹತ್ತಿರದ ಸಂಬಂಧವೇ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರನ್ನು ಮೇಲೆತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ವೇದಾವತಿಯ ಕಡೆಗೆ ಬಿಡುತ್ತಿದ್ದಾರೆ. ಆ ನೀರು ಬಂದು ಸೇರುವುದು ವಾಣಿವಿಲಾಸ ಸಾಗರಕ್ಕೆ. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಮನೆಗಳ ನಲ್ಲಿಯಲ್ಲಿ ಬರುವ ನೀರಿಗೆ ಆ ಜಲಾಶಯ ಆಸರೆ. ಎಷ್ಟೋ ವರ್ಷ ಪಾದಯಾತ್ರೆ, ಧರಣಿ, ಬಂದ್ ನಡೆಸಿ ಪಡೆದುಕೊಂಡ ನೀರಿನ ತಲೆಯ ಕಡೆಗೆ ಲಕ್ಯಾ ಇದೆ. ಲಕ್ಯಾ ಅಪಾಯದಲ್ಲಿದೆ ಎಂದು ನಾನು ಹೇಳುತ್ತಿಲ್ಲ. ಅದರ ಸ್ಥಿತಿ ಹೇಗಿದೆ ಎಂದು ಪ್ರತಿವರ್ಷ ಕೇಳುವ ಹಕ್ಕು ಈಗ ಚಿತ್ರದುರ್ಗದವರಿಗೂ ಬಂದಿದೆ ಎಂದು ಹೇಳುತ್ತಿದ್ದೇನೆ.

ಇನ್ನು ಕಾಯುವವರ ವಿಚಾರ. ಇಲಾಖೆಗಳಿಗೆ ಬರವಿಲ್ಲ. ಕಾರ್ಮಿಕರ ಸುರಕ್ಷತೆಗೆ ಧನಬಾದ್ ಕೇಂದ್ರವಾಗಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವಿದೆ. ಗಣಿ ಯೋಜನೆ, ಗುಡ್ಡೆ, ಗಣಿ ಮುಚ್ಚುವ ಯೋಜನೆಗಳನ್ನು ಭಾರತೀಯ ಗಣಿ ಬ್ಯೂರೋ ನೋಡುತ್ತದೆ. ಹೊರಬಿಡುವ ನೀರು ಮತ್ತು ದೂಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಪರಿಸರ ಅನುಮತಿಯ ಷರತ್ತುಗಳು ಪಾಲನೆಯಾಗಿವೆಯೇ ಎಂದು ಕಂಪನಿ ಆರು ತಿಂಗಳಿಗೊಮ್ಮೆ ಪರಿಸರ ಸಚಿವಾಲಯಕ್ಕೆ ವರದಿ ಕೊಡಬೇಕು. ರಾಜಧನ, ಪರ್ಮಿಟ್ಟುಗಳಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕಾಡಾದರೆ ಅರಣ್ಯ ಇಲಾಖೆ. ಕೆಳಗಿನ ಕೆರೆ ಸಣ್ಣ ನೀರಾವರಿಯದೋ ಪಂಚಾಯಿತಿಯದೋ ಆಗಿರುತ್ತದೆ. ಒಂದೇ ಇಳಿಜಾರು, ಒಂದೇ ಮಳೆ, ಒಂದೇ ಹಳ್ಳ. ಗುಡ್ಡೆ ಒಬ್ಬರ ಕಡತದಲ್ಲಿ, ಗುಡ್ಡೆಯಿಂದ ಇಳಿದ ಕೆಂಪು ನೀರು ಇನ್ನೊಬ್ಬರ ಕಡತದಲ್ಲಿ, ಆ ನೀರು ತಂದು ಹಾಕಿದ ಹೂಳು ಮತ್ತೊಬ್ಬರ ಕಡತದಲ್ಲಿ. ಪ್ರತಿಯೊಬ್ಬ ಅಧಿಕಾರಿಯೂ ತನ್ನ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದರೂ ಇಡೀ ಇಳಿಜಾರನ್ನು ಒಟ್ಟಾಗಿ ನೋಡುವ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ.

2021ರಲ್ಲಿ ಬಂದ ಅಣೆಕಟ್ಟು ಸುರಕ್ಷತಾ ಕಾಯ್ದೆ ಈ ಕೊರತೆ ತುಂಬಬಹುದಿತ್ತು. ರಾಷ್ಟ್ರೀಯ ಪ್ರಾಧಿಕಾರ, ರಾಜ್ಯ ಮಟ್ಟದ ಸುರಕ್ಷತಾ ಸಂಸ್ಥೆ, ಮಳೆಗಾಲದ ಮೊದಲು ಮತ್ತು ನಂತರ ಕಡ್ಡಾಯ ತಪಾಸಣೆ, ತುರ್ತು ಕ್ರಿಯಾ ಯೋಜನೆ, ತಪ್ಪಿದರೆ ಶಿಕ್ಷೆ, ಎಲ್ಲವೂ ಅದರಲ್ಲಿವೆ. ಆದರೆ ಆ ಕಾಯ್ದೆ ಅಣೆಕಟ್ಟು ಎಂದು ಕರೆಯುವುದು ನದಿಗೋ ಉಪನದಿಗೋ ಅಡ್ಡಲಾಗಿ, ನೀರು ನಿಲ್ಲಿಸಲೋ ತಿರುಗಿಸಲೋ ಕಟ್ಟಿದ್ದನ್ನು. ಗಣಿಯ ಕೆಸರಿನ ಹೆಸರೇ ಅದರ ವ್ಯಾಖ್ಯೆಯಲ್ಲಿಲ್ಲ. ಜೊತೆಗೆ ಎತ್ತರ 15 ಮೀಟರಿಗೆ ಹೆಚ್ಚಿರಬೇಕು, ಇಲ್ಲವೆ 10ರಿಂದ 15 ಮೀಟರಿನೊಳಗಿದ್ದು ಉದ್ದ, ಸಾಮರ್ಥ್ಯ, ಪ್ರವಾಹದಂಥ ನಿಗದಿತ ಷರತ್ತುಗಳಲ್ಲಿ ಒಂದಾದರೂ ಅನ್ವಯಿಸಬೇಕು. ನಮ್ಮ ಗುಡ್ಡಗಳ ತಿಳಿಹೊಂಡ, ತಡೆಗೋಡೆ, ಚೆಕ್ ಡ್ಯಾಮುಗಳಲ್ಲಿ ಬಹುಪಾಲು ಆ ಲೆಕ್ಕಕ್ಕೇ ಸಿಗುವುದಿಲ್ಲ. ದೊಡ್ಡದನ್ನು ಕಾಯುವ ಕಾನೂನಿನಿಂದ ಸಣ್ಣದು ತಪ್ಪಿಸಿಕೊಂಡಿದೆ. ಸಣ್ಣದರ ಕೆಳಗಿರುವ ಮನೆಯವರಿಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ನಮ್ಮ ಜಿಲ್ಲೆಗೆ ಸುಪ್ರೀಂ ಕೋರ್ಟಿನ ಕಣ್ಣು ಬಿದ್ದದ್ದೂ ಉಂಟು. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲೂ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಪ್ರತಿ ಗಣಿಗೂ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನ ನೆರವಿನಿಂದ ಪುನಶ್ಚೇತನ ಯೋಜನೆ ಸಿದ್ಧವಾಯಿತು. ಯಾವ ಗುಡ್ಡೆಗೆ ಎಲ್ಲಿ ತಡೆಗೋಡೆ, ಯಾವ ಕೊರಕಲಿಗೆ ಎಲ್ಲಿ ಕಲ್ಲಿನ ಅಡ್ಡಗಟ್ಟು, ಯಾವ ಹಳ್ಳಕ್ಕೆ ಎಷ್ಟು ಚೆಕ್ ಡ್ಯಾಮ್ ಎಂದು ಆ ಯೋಜನೆಗಳಲ್ಲಿ ಬರೆದಿದ್ದರು. ದೇಶದ ಬೇರೆ ಗಣಿ ಸೀಮೆಗಳಿಗೆ ಇಷ್ಟು ಬಿಡಿಬಿಡಿಯಾದ ದಾಖಲೆ ಸಿಕ್ಕಿಲ್ಲ ಎಂದೇ ನನ್ನ ಎಣಿಕೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ದುರಂತದಿಂದ ಹುಟ್ಟಿದ ಒಳ್ಳೆಯ ಫಲ ಅದು, ಅದನ್ನು ಮೆಚ್ಚಿಯೇ ಮುಂದಿನ ಮಾತು ಹೇಳಬೇಕು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಗುತ್ತಿಗೆ ರದ್ದಾಯಿತು ಎಂದರೆ ಅಲ್ಲಿ ಸುರಿದಿದ್ದ ಮಣ್ಣು ರದ್ದಾದಂತಲ್ಲ. ಮಾಲೀಕನಿಲ್ಲದ ಗುಡ್ಡೆಯ ತಡೆಗೋಡೆಗೆ ಬಿರುಕು ಬಿಟ್ಟರೆ ಯಾರ ಬಾಗಿಲು ತಟ್ಟಬೇಕು ಎಂದು ಕೆಳಗಿನ ಹಳ್ಳಿಯವರಿಗೆ ಇಂದಿಗೂ ಒಬ್ಬರ ಹೆಸರು ಹೇಳುವಂತಿರಬೇಕು.

ಅದಿರು ತೆಗೆಯುವ ಮಿತಿಯೂ ಏರುತ್ತ ಬಂದಿದೆ. ಚಿತ್ರದುರ್ಗ ಮತ್ತು ತುಮಕೂರು ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಎಂದು ನ್ಯಾಯಾಲಯ ಮೊದಲು ಗೆರೆ ಹಾಕಿತ್ತು. ಅದು 70 ಲಕ್ಷವಾಯಿತು, 2022ರ ಆಗಸ್ಟ್‌ನಲ್ಲಿ 1.5 ಕೋಟಿ ಟನ್ ಆಯಿತು. ಆ ಅನುಮತಿ ಸಿಕ್ಕ ಕೆಲವೇ ದಿನಗಳಲ್ಲಿ ಮಾರಿಕಣಿವೆ ಕೋಡಿ ಬಿದ್ದಿತು. ಎರಡಕ್ಕೂ ಸಂಬಂಧವಿಲ್ಲ. ಆದರೆ ಎರಡನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ಹೆಚ್ಚು ಅದಿರು ತೆಗೆದರೆ ಹೆಚ್ಚು ಮಣ್ಣು ಪಕ್ಕಕ್ಕೆ ಬೀಳುತ್ತದೆ. ಮೇಲಿನ ಒಳ್ಳೆಯ ಅದಿರು ಕರಗಿದಂತೆ ಕೀಳು ದರ್ಜೆಯ ಅದಿರನ್ನು ತೊಳೆದು ಮಾರುವ ಕಾಲ ಬರುತ್ತದೆ, ತೊಳೆಯಲು ಹೊರಟರೆ ಇಂದು ಇಲ್ಲದ ಕೆಸರಿನ ಕಟ್ಟೆ ನಾಳೆ ಇಲ್ಲಿಯೂ ಏಳುತ್ತದೆ. ಕಟ್ಟುವ ಮೊದಲೇ ಕಾವಲಿನ ಮಾತು ಮುಗಿಸಿಕೊಳ್ಳಲು ನಮಗೆ ಸಿಕ್ಕಿರುವ ಕಾಲ ಇದೇ.

ಎಷ್ಟು ದೊಡ್ಡ ಮಳೆಗೆ ಕಟ್ಟಬೇಕು ಎಂಬುದಕ್ಕೆ ಈಗ ಒಂದು ಅಂತರರಾಷ್ಟ್ರೀಯ ಅಳತೆಗೋಲಿದೆ. ಬ್ರುಮಾಡಿನ್ಯೊ ದುರಂತದ ಬಳಿಕ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಗಣಿ ಕಂಪನಿಗಳ ಒಕ್ಕೂಟ ಮತ್ತು ಹೂಡಿಕೆದಾರರ ಸಂಘಟನೆ ಸೇರಿ 2020ರ ಆಗಸ್ಟ್‌ನಲ್ಲಿ ಕೆಸರಿನ ಕಟ್ಟೆಗಳ ಜಾಗತಿಕ ಮಾನದಂಡ ಹೊರತಂದವು. ಗಣಿ ಮುಚ್ಚಿದ ಮೇಲೆ ಯಾರ ಆರೈಕೆಯೂ ಇಲ್ಲದೆ ನಿಲ್ಲಬೇಕಾದ ಕಟ್ಟೆ 10,000 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನೂ ತಡೆಯುವಂತಿರಬೇಕು ಎನ್ನುತ್ತದೆ ಅದು. ಅತಿಯಾಯಿತು ಎನಿಸಬಹುದು. ಮಾರಿಕಣಿವೆಯ ಕೋಡಿ 89 ವರ್ಷ ಕಾದ ಜಿಲ್ಲೆಯವರಿಗೆ ಅದು ಅತಿಯೆನಿಸಬಾರದು. ಇದೇ ಮಾನದಂಡ ಪ್ರತಿ ಕಟ್ಟೆಗೂ ಹೆಸರಿರುವ ಒಬ್ಬ ಹೊಣೆಗಾರ ಎಂಜಿನಿಯರ್ ಇರಬೇಕು, ಕಂಪನಿಯ ಮೇಲಿನ ಹಂತದ ಒಬ್ಬ ಅಧಿಕಾರಿ ಉತ್ತರ ಹೇಳಬೇಕು, ಅಳತೆಗಳು ಬಹಿರಂಗವಾಗಬೇಕು, ಕೆಳಗೆ ವಾಸಿಸುವವರನ್ನು ಕೇಳಿಯೇ ತೀರ್ಮಾನ ಮಾಡಬೇಕು ಎಂದೂ ಹೇಳುತ್ತದೆ. ಓದಿದಾಗ ನನಗೆ ನೆನಪಾದದ್ದು ನೀರುಗಂಟಿಯೇ. ಆದರೆ ಈ ಮಾನದಂಡ ಕಾನೂನಲ್ಲ, ಒಪ್ಪಿದ ಕಂಪನಿಗಳಿಗೆ ಮಾತ್ರ ಅನ್ವಯ.

ಗಣಿ ಮುಚ್ಚಿದ ಮೇಲೆ ಏನಾಗುತ್ತದೆ ಎಂದು ತಿಳಿಯಲು ಕೋಲಾರದ ಚಿನ್ನದ ಗಣಿಗೆ ಹೋಗಿ ನೋಡಬೇಕು. 2001ರ ಫೆಬ್ರವರಿ 28ರಂದು ಕೆಜಿಎಫ್ ಮುಚ್ಚಿತು. ಅಲ್ಲಿನ ಜನ ಸೈನೈಡ್ ಗುಡ್ಡ ಎಂದು ಕರೆಯುವ, ಅದಿರು ನುರಿದು ಚಿನ್ನ ತೆಗೆದು ಬಿಟ್ಟ ಮಣ್ಣಿನ ದಿಬ್ಬಗಳು 13. ಅವುಗಳಲ್ಲಿರುವ ಮಣ್ಣು ಸುಮಾರು 3.3 ಕೋಟಿ ಟನ್. ಗಾಳಿಗೆ ಆ ದೂಳು ಮನೆಗಳ ಮೇಲೆ ಬರುತ್ತದೆ, ಮಳೆಗೆ ಕೊರೆದು ಕೆಳಗಿಳಿಯುತ್ತದೆ. ಗಣಿ ಮುಚ್ಚಿ 23 ವರ್ಷಗಳ ನಂತರ, 2024ರಲ್ಲಿ, ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಅಷ್ಟೂ ವರ್ಷ ದೂಳು ಕುಡಿದವರು ಗಣಿ ಕಾರ್ಮಿಕರ ಮಕ್ಕಳು. ಗಣಿ ಮುಚ್ಚುವ ಖರ್ಚಿಗೆಂದು ನಮ್ಮ ನಿಯಮಗಳು ಈಗ ದೊಡ್ಡ ಯಾಂತ್ರೀಕೃತ ಗಣಿಗಳಿಂದ ಹೆಕ್ಟೇರಿಗೆ 5 ಲಕ್ಷ ರೂಪಾಯಿ ಭದ್ರತೆ ಕೇಳುತ್ತವೆ. ಒಂದು ಹೆಕ್ಟೇರ್ ಗುಡ್ಡೆಯನ್ನು ತಲೆಮಾರುಗಳ ಕಾಲ ಕಾಯಲು ಆ ಹಣ ಸಾಲದು ಎಂದು ಹೇಳಲು ಎಂಜಿನಿಯರ್ ಆಗಬೇಕಿಲ್ಲ, ಒಮ್ಮೆ ಕೆರೆಯ ಏರಿ ರಿಪೇರಿ ಮಾಡಿಸಿದ ಪಂಚಾಯಿತಿ ಸದಸ್ಯರೇ ಹೇಳುತ್ತಾರೆ.

ಹಣ ಇಲ್ಲವೆಂದಲ್ಲ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25,000 ಕೋಟಿ ರೂಪಾಯಿಯ ಯೋಜನೆ ಇದೆ. ಅದನ್ನು ನಡೆಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ. ನಿಗಮದ ಮೇಲೆ ಕಣ್ಣಿಡಲು ಸುಪ್ರೀಂ ಕೋರ್ಟ್ 2022ರಲ್ಲಿ ತನ್ನ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲ್ವಿಚಾರಣೆಗೆ ನೇಮಿಸಿತು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬೇರೆ. ರಸ್ತೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು ಎಲ್ಲಕ್ಕೂ ಆ ಹಣ ಬೇಕು, ಬರಲಿ. ಆದರೆ ಗಣಿಯ ಹಣದಿಂದ ಮೊದಲು ಆಗಬೇಕಾದ ಕೆಲಸ ಗಣಿಯ ಮಣ್ಣನ್ನು ಇದ್ದಲ್ಲೇ ನಿಲ್ಲಿಸುವುದು. ನಾಲ್ಕು ತಾಲ್ಲೂಕುಗಳ ಪ್ರತಿ ಗುಡ್ಡೆ, ಪ್ರತಿ ಹೊಂಡ, ಪ್ರತಿ ಚೆಕ್ ಡ್ಯಾಮಿಗೆ ಒಂದು ಸಂಖ್ಯೆ ಕೊಟ್ಟು, ಅದರ ಕೆಳಗೆ ಯಾವ ಕೆರೆ, ಯಾವ ಊರು ಇದೆ ಎಂದು ಗುರುತಿಸಿದ ಒಂದು ಪಟ್ಟಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಇರಬೇಕು. ಇಡೀ ಇಳಿಜಾರನ್ನು ನೋಡುವ ಖಾಲಿ ಕುರ್ಚಿ ಅಲ್ಲಿಯೇ ಇರಬೇಕಾದದ್ದು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋಯಿತು. ಬೆಳಗಾಗುವಷ್ಟರಲ್ಲಿ ರಾಜ್ಯಕ್ಕೆಲ್ಲ ಗೊತ್ತಾಗಿತ್ತು. ಎಷ್ಟು ನೀರು ಹೋಗುತ್ತಿದೆ, ತಜ್ಞರು ಯಾರು ಬಂದರು, ಹೊಸ ಹಲಗೆ ಎಲ್ಲಿ ತಯಾರಾಗುತ್ತಿದೆ ಎಂದು ಗಂಟೆಗಂಟೆಗೆ ಜನ ಕೇಳುತ್ತಿದ್ದರು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು. 1953ರಿಂದ ನಿಂತ, ಎಂಜಿನಿಯರುಗಳೇ ತುಂಬಿರುವ ಅಣೆಕಟ್ಟಿನಲ್ಲೂ ಒಂದು ಸರಪಳಿ ಸವೆದು ತುಂಡಾಗಬಹುದು. ಅಂಥ ಗಳಿಗೆಯಲ್ಲಿ ಕೆಲಸಕ್ಕೆ ಬಂದದ್ದು ಲಕ್ಷಾಂತರ ಜನರ ಕಣ್ಣು. ಒಳಹರಿವು, ಹೊರಹರಿವು, ಇಂದಿನ ಮಟ್ಟ ಎಂದು ಜಲಾಶಯಗಳ ಲೆಕ್ಕವನ್ನು ಮಳೆಗಾಲದ ಪ್ರತಿ ಬೆಳಿಗ್ಗೆ ಪತ್ರಿಕೆಯಲ್ಲಿ ಓದುವ ಅಭ್ಯಾಸ ನಮಗಿದೆ. ಗಣಿಯ ಕಟ್ಟೆಯ ಲೆಕ್ಕ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಆರು ತಿಂಗಳ ವರದಿ ಇಂಗ್ಲಿಷಿನಲ್ಲಿ ತಯಾರಾಗಿ ಇಲಾಖೆಗೆ ಹೋಗುತ್ತದೆ, ಹಳ್ಳದ ದಂಡೆಯ ಮನೆಯವರಿಗೆ ತಲುಪುವುದಿಲ್ಲ.

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಕೇಂದ್ರ ಸರ್ಕಾರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ವ್ಯಾಖ್ಯೆಗೆ ಗಣಿಯ ಕೆಸರಿನ ಕಟ್ಟೆಗಳನ್ನು ಸೇರಿಸಲೇಬೇಕು. ಆ ಒತ್ತಾಯವನ್ನು ನಮ್ಮ ಸಂಸದರು, ಶಾಸಕರು ಮಾಡಲಿ. ಅದಾಗುವವರೆಗೆ, ಗಣಿಯ ಕೆಳಗಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಒಂದು ಫಲಕ ಸಾಕು. ಮೇಲಿನ ಕಟ್ಟೆಯ ಎತ್ತರ, ಹೊಂಡದಲ್ಲಿ ಈ ವಾರ ನಿಂತ ನೀರು, ತಡೆಗೋಡೆಯನ್ನು ಕೊನೆಯ ಬಾರಿ ನೋಡಿದ ದಿನ, ನೋಡಿದವರ ಹೆಸರು, ಅವರ ಫೋನ್ ನಂಬರ್, ಅಪಾಯವಾದರೆ ಊರಿನವರು ಓಡಬೇಕಾದ ದಿಕ್ಕು. ಎಲ್ಲವೂ ಕನ್ನಡದಲ್ಲಿ. ಕಂಪನಿಯ ಎಂಜಿನಿಯರ್ ಜೊತೆಗೆ ಊರಿನವರಿಬ್ಬರು ತಿಂಗಳಿಗೊಮ್ಮೆ ಕಟ್ಟೆಯ ಮೇಲೆ ನಡೆದು ಬರಲಿ. ಕದಡಿದ ಒಸರನ್ನು ಗುರುತಿಸುವ ಕಣ್ಣು ನಮ್ಮ ಹಿರಿಯರಲ್ಲಿ ಇನ್ನೂ ಇದೆ.

ಭೀಮಸಮುದ್ರದ ಸುತ್ತಿನವರೇ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಗಣಿ ಸೀಮೆಯವರೇ, ಈ ಸಲ ಮುಂಗಾರಿನ ಮೊದಲು ನಡೆಯುವ ಗ್ರಾಮಸಭೆಗೆ ತಪ್ಪದೆ ಹೋಗಿ. ನಮ್ಮ ಊರಿನ ಮೇಲಿರುವ ಗಣಿ ಮಣ್ಣು ಎಷ್ಟು, ಅದನ್ನು ಕಾಯುವವರು ಯಾರು ಎಂದು ಕೇಳಿ. ಉತ್ತರ ಬಂದರೂ ಬಾರದಿದ್ದರೂ, ಕೇಳಿದ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.